ಸಮಾಧಿ ಮೇಲಿನ ವಿಷ್ಣುಕ್ರಾಂತಿ

ಬ್ಯಾಡರಹಳ್ಳಿ, ಬೆಂಗಳೂರು
೧೪ ಜುಲೈ ೨೦೨೪, ಭಾನುವಾರ

ಪ್ರೀತಿಯ ರಂಜಿಗೆ, ನಿನ್ನ ಜಗದಕ್ಕನ ಆಶೀರ್ವಾದ.

ಹೇಗಿದೀಯ? ಕಾಲಿನ ಊತ ಇಳೀತಾ? ಐದು ತಿಂಗಳಿಗೇ ಊತ ಬರೋದು ಸರಿಯಾ ಅಂತ ಇಲ್ಲಿ ಇಬ್ಬರನ್ನ ಕೇಳಿದೆ, ಒಬ್ಬರು ಸರಿ ಅಂದರು, ಇನ್ನೊಬ್ಬರು ಮುಖ ಸಿಂಡರಿಸಿದರು, ಅವತ್ತಿಂದ ಆ ಮುಖವೇ ಕಣ್ಣ ಮುಂದೆ ಇದೆ. ಕಬ್ಬಿಣದ ಮಾತ್ರೆ ನುಂಗಿದ ಮೇಲೆ ತಕ್ಷಣ ಕಾಫಿ ಕುಡಿಯಬಾರದು ಅಂತ ಟೀವಿಯಲ್ಲಿ ಹೇಳಿದರು. ನೀನೇ ನರ್ಸು, ನಿನಗೆ ಗೊತ್ತಿರುತ್ತೆ, ಆದರೂ ಬರೆದಿದೀನಿ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ತಪ್ಪಿಸಿದಾರೋ ಇಲ್ಲವೋ? ಗಾಂಧಿಧಾಮದ ನೀರು ಉಪ್ಪು ಅಂತೀಯಲ್ಲ, ಕಾಯಿಸಿ ಆರಿಸಿ ಕುಡಿ, ಆನಂದ್ ಅವರಿಗೂ ಹೇಳು. ಇಲ್ಲಿ ಅಪ್ಪ ಚೆನ್ನಾಗಿದಾರೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಅಂದರೆ ದೀಪಾವಳಿ ಆಗಲಿ ಅಂತಾರೆ, ದೀಪಾವಳಿ ಬಂದರೆ ಶಿವರಾತ್ರಿ ಆಗಲಿ ಅಂತಾರೆ. ನಿಮ್ಮ ಭಾವನಿಗೆ ಬೆನ್ನು ನೋವು, ಆದರೂ ದಿನಾ ಕಾಮಾಕ್ಷಿಪಾಳ್ಯಕ್ಕೆ ಲೇತ್ ಕೆಲಸಕ್ಕೆ ಹೋಗಿ ಬರ್ತಾ ಇದಾರೆ. ನಾನು ಹೀಗೇ ಇದೀನಿ.

ಬಸುರಿ ಹೆಂಗಸಿಗೆ ಕೆಟ್ಟ ಕನಸು ಹೇಳಬಾರದು ಅಂತ ಗೊತ್ತು, ಆದರೆ ಹೇಳದೆ ಇದ್ದರೆ ನನಗೆ ಊಟ ಸೇರಲ್ಲ. ಶುಕ್ರವಾರ ಬೆಳಗಿನ ಜಾವ ಬಿದ್ದಿದ್ದು. ಅಮ್ಮ ನಮ್ಮ ಮನೆ ಸಂಪಿನ ಮುಚ್ಚಳದ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು. ಅದೇ ಹಸಿರು ಇಳಕಲ್ ಸೀರೆ. ನಾನು ತಂಬಿಗೆಯಿಂದ ಅವಳ ಬೊಗಸೆಗೆ ನೀರು ಹುಯ್ತಾ ಇದೀನಿ. ಸಾಕು ಕಣೇ ಅಂತ ಕೈ ಅಡ್ಡ ಹಿಡೀತಾಳೆ, ನಾನು ಹುಯ್ತಾನೇ ಇದೀನಿ, ತಂಬಿಗೆ ಖಾಲಿ ಆಗ್ತಾನೇ ಇಲ್ಲ. ನೀರು ಅವಳ ಸೊಂಟದ ತನಕ ಬಂತು. ಆಗಲೂ ಬೈಯಲಿಲ್ಲ, ನನ್ನ ಮುಖ ನೋಡ್ತಾ ಕೂತಿದ್ದಳು ಅಷ್ಟೆ. ಎಚ್ಚರ ಆದ ತಕ್ಷಣ ನಿನಗೆ ಫೋನ್ ಮಾಡೋಣ ಅನ್ನಿಸಿತು, ಐದು ಗಂಟೆಗೆ ಫೋನ್ ಬಂದರೆ ಅಪ್ಪನಿಗೆ ಏನೋ ಆಯಿತು ಅಂತ ನೀನು ಗಾಬರಿ ಆಗ್ತೀಯ ಅಂತ ಸುಮ್ಮನಾದೆ. ನಿನಗೆ ಏನೂ ಆಗಿಲ್ಲ ತಾನೆ?

ಫೋನ್ ಇರುವಾಗ ಅಕ್ಕ ಯಾಕೆ ಕಾಗದ ಬರೆದಳು ಅಂತ ಯೋಚಿಸ್ತಾ ಇರ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ ಅನ್ನೋದು ಬಿಟ್ಟು ಬೇರೆ ಮಾತು ಬರಲ್ಲ. ಮೂರು ಸಲ ಹೇಳಬೇಕು ಅಂತ ಹೊರಟು ಮೂರು ಸಲವೂ ಅಡುಗೆ ಏನು ಮಾಡಿದೆ ಅಂತ ಕೇಳಿ ಫೋನ್ ಇಟ್ಟೆ. ಕಾಗದ ಆದರೆ ನನ್ನ ಮಾತಿಗೆ ನೀನು ಅಳೋದು ನನಗೆ ಕೇಳಿಸಲ್ಲ. ಇದು ಏಳನೇ ಕ್ಲಾಸಿಗೆ ಬಿಟ್ಟ ಕೈ. ನಿನ್ನನ್ನ ಸೊಂಟದ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳಿದೋಳು ನಾನು, ಮಗುನ ತರೋದಾದರೆ ನೀನೂ ಬರಬೇಡ ಅಂತ ಮೇಷ್ಟ್ರು ಅಂದ ದಿನಕ್ಕೆ ನನ್ನ ಶಾಲೆ ಮುಗೀತು. ಅದಕ್ಕೆ ನಿನ್ನ ಮೇಲೆ ಒಂದು ದಿನವೂ ಬೇಸರ ಪಟ್ಟಿಲ್ಲ, ನಿನಗೆ ಗೊತ್ತು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಆದರೆ ಪೂರ್ತಿ ಓದು, ಮಧ್ಯದಲ್ಲಿ ಫೋನ್ ಮಾಡಬೇಡ. ನಿಂತುಕೊಂಡು ಓದಬೇಡ, ಕೂತುಕೋ.

ವಿಷಯ ಅಮ್ಮನ ಗಿಡದ್ದು. ನಿನಗೆ ಗೊತ್ತಿರೋದೇ ಆದರೂ ಮೊದಲಿಂದ ಬರೀತೀನಿ, ಮಧ್ಯದಿಂದ ಶುರು ಮಾಡಿದರೆ ನನಗೆ ಸರಿಯಾಗಿ ಬರಲ್ಲ. ಹೋದ ಕಾರ್ತಿಕದಲ್ಲಿ ಹಿರಿಯೂರಿನ ಹತ್ತಿರದ ನಮ್ಮ ಹೊಲ ರಸ್ತೆ ಅಗಲ ಮಾಡೋಕೆ ಹೋಗುತ್ತೆ ಅಂತ ಆದಾಗ ನಾವೆಲ್ಲ ಹೋಗಿ ಅಮ್ಮನ ಸಮಾಧಿಗೆ ಕಡೇ ಪೂಜೆ ಮಾಡಿದ್ವಿ. ನಾನು ಅತ್ತುಕೊಂಡು ಕೂತೆ. ನೀನು ಅಳಲಿಲ್ಲ. ಚಿಕ್ಕಪ್ಪನ ಮನೆಯಿಂದ ಹಾರೆ ತಂದು, ಸಮಾಧಿ ಮೇಲೆ ತಾನಾಗೇ ಹುಟ್ಟಿಕೊಂಡಿದ್ದ ವಿಷ್ಣುಕ್ರಾಂತಿ ಗಿಡದ ಸುತ್ತ ಮೊಳ ಆಳ ಅಗೆದೆ. ನೆಲಕ್ಕೆ ಅಂಟಿಕೊಂಡ ಗಿಡ, ವಿಭೂತಿ ಉದುರಿದ ಹಾಗೆ ಕಾಣೋ ಎಲೆ, ಅದಕ್ಕೆ ಅಷ್ಟುದ್ದ ಬೇರು ಇರುತ್ತೆ ಅಂತ ನಾನು ಅವತ್ತೇ ನೋಡಿದ್ದು. ಅಮ್ಮ ಹೋಗಿ ಮೂರು ಬೇಸಿಗೆ ಕಳೆದಿತ್ತು, ಯಾರೂ ಅದಕ್ಕೆ ಒಂದು ತೊಟ್ಟು ನೀರು ಹಾಕಿರಲಿಲ್ಲ, ಆದರೂ ಬದುಕಿತ್ತು. ಅದರ ಹೂ ಮಾತ್ರ ನಾನು ಕಂಡಿರಲಿಲ್ಲ. ನಾನು ಹೋದಾಗಲೆಲ್ಲ ಬಸ್ಸು ಮುಟ್ಟೋ ಹೊತ್ತಿಗೆ ಮಧ್ಯಾಹ್ನ, ಅದು ಬೆಳಿಗ್ಗೆ ಬಿಟ್ಟು ಬಿಸಿಲು ಏರಿದ ಮೇಲೆ ಮುದುಡೋ ಹೂ ಅಂತ ನೀನೇ ಹೇಳಿದ್ದು. ನಿಮ್ಮಮ್ಮ ಹುಟ್ಟಿದಾಗಿಂದ ಶಿವ ಶಿವ ಅಂದೋಳು, ಹೋಗಿ ಹೋಗಿ ಅವಳ ತಲೆ ಮೇಲೆ ವಿಷ್ಣು ಬಂದು ಕೂತ ನೋಡು ಅಂತ ಅಪ್ಪ ಅಂದರು. ಅವತ್ತು ನಾವೆಲ್ಲ ನಕ್ಕಿದ್ದು ಅದೊಂದು ಮಾತಿಗೆ.

ಗಾಂಧಿಧಾಮ ದೂರ, ಎರಡು ದಿನ ರೈಲಲ್ಲಿ ಒಣಗಿಹೋಗುತ್ತೆ ಅಂತ ನೀನು ಅದನ್ನ ಒದ್ದೆ ಸೀರೆ ತುಂಡಲ್ಲಿ ಸುತ್ತಿ ನಮ್ಮ ಮನೆಗೆ ತಂದೆ. ಸಂಪಿಗೂ ಕಾಂಪೌಂಡಿಗೂ ನಡುವೆ ಸಿಮೆಂಟ್ ಹಾಕದೆ ಬಿಟ್ಟ ಎರಡಡಿ ಮಣ್ಣಲ್ಲಿ, ಹೊಲದಿಂದ ಚೀಲದಲ್ಲಿ ತಂದ ಗರಸು ಮಣ್ಣು ಸೇರಿಸಿ ನೆಟ್ಟೆ. ಕ್ಯಾಲೆಂಡರ್ ಹಾಳೆ ಹಿಂದೆ ದಪ್ಪ ಅಕ್ಷರದಲ್ಲಿ ಬರೆದು ಮೀಟರ್ ಬೋರ್ಡಿನ ಬಾಗಿಲಿಗೆ ಅಂಟಿಸಿ ಹೋದೆ. ಹದಿನೈದು ದಿನಕ್ಕೆ ಒಂದು ಲೋಟ ನೀರು ಸಾಕು. ಗೊಬ್ಬರ ಬೇಡ. ನೆರಳು ಮಾಡಬೇಡ. ಎಲೆ ಒಣಗಿದರೆ ಹೆದರಬೇಡ, ಬೇರಲ್ಲಿ ಜೀವ ಇರುತ್ತೆ. ಅಗೆದು ನೋಡಬೇಡ. ಅಕ್ಕಾ, ಇದು ಮುದ್ದು ಮಾಡಿದರೆ ಬದುಕೋ ಗಿಡ ಅಲ್ಲ ಕಣೇ, ಅದರ ಪಾಡಿಗೆ ಬಿಟ್ಟುಬಿಡು ಅಂತ ಬಾಯಲ್ಲೂ ಹೇಳಿದೆ.

ಅದರಲ್ಲಿ ನಾನು ಮೀರದೆ ಉಳಿಸಿದ್ದು ಒಂದೂ ಇಲ್ಲ ರಂಜಿ. ಸಂಕ್ರಾಂತಿ ತನಕ ಹೇಗೋ ತಡೆದುಕೊಂಡಿದ್ದೆ, ಇಲ್ಲಿಗೆ ಬಂದ ಮೇಲೆ ಅದು ಒಂದು ಹೂವೂ ಬಿಟ್ಟಿರಲಿಲ್ಲ. ಆಮೇಲೆ ಈ ವರ್ಷದ ಬಿಸಿಲು. ನಮ್ಮ ಬೀದಿಯ ಬೋರ್‌ವೆಲ್ ಫೆಬ್ರವರಿಗೇ ಕೈಕೊಟ್ಟಿತು, ಟ್ಯಾಂಕರ್ ವಾರಕ್ಕೊಂದು, ಬಟ್ಟೆ ಒಗೆದ ನೀರಲ್ಲಿ ಬಚ್ಚಲು ತೊಳೆಯೋ ಹಾಗಾಯಿತು. ಅಂಥದ್ದರಲ್ಲೂ ನಾನು ಅಕ್ಕಿ ತೊಳೆದ ನೀರನ್ನ ದಿನಾ ತಗೊಂಡು ಹೋಗಿ ಅದರ ಬುಡಕ್ಕೆ ಹುಯ್ದೆ. ಎರೆಗೊಬ್ಬರ ಹಾಕಿದೆ. ಮಧ್ಯಾಹ್ನದ ಹೊತ್ತು ಹಳೇ ಕೊಡೆ ಬಿಚ್ಚಿ ನೆರಳಿಗೆ ನಿಲ್ಲಿಸಿದೆ. ಬೀದಿಯೋರು ಇಲ್ಲಿ ಯಾರೋ ಸೊಪ್ಪು ಮಾರೋಕೆ ಕೂತಿದಾರೆ ಅಂತ ಗೇಟ್ ತಟ್ತಾರೆ ನೋಡ್ತಿರು ಅಂತ ನಿಮ್ಮ ಭಾವ ರೇಗಿಸಿದರು. ರೇಗಿಸಿದರೆ ರೇಗಿಸಲಿ. ನನಗೆ ಬಿಸಿಲಲ್ಲಿ ಆ ಗಿಡ ನೋಡಿದರೆ ಅಮ್ಮನ ಕಡೇ ವಾರ ನೆನಪಾಗೋದು. ಕಿಡ್ನಿ ಕೆಲಸ ಮಾಡ್ತಾ ಇಲ್ಲ, ನೀರು ಅಳೆದು ಕೊಡಿ ಅಂತ ಡಾಕ್ಟರು ಹೇಳಿದ್ದರು. ನೀನು ಊರಲ್ಲಿ ಇರಲಿಲ್ಲ. ಒಂದು ಗುಟುಕು ಕೊಡೇ ಜಗದಾ ಅಂತ ಅವಳು ನನ್ನ ಕೈ ಹಿಡಿದುಕೊಂಡು ಕೇಳಿದಳು, ಅವತ್ತಿನ ಲೆಕ್ಕ ಮುಗಿದಿದೆ ಅಂತ ನಾನು ಲೋಟ ಎತ್ತಿ ಕಿಟಕಿ ಮೇಲೆ ಇಟ್ಟೆ. ಅವಳು ಆ ಲೋಟ ನೋಡ್ತಾ ಮಲಗಿದ್ದಳು. ಇದನ್ನ ನಾನು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಡಾಕ್ಟರು ಹೇಳಿದ್ದು ಸರಿ, ನಾನು ಮಾಡಿದ್ದೂ ಸರಿ ಅಂತ ನರ್ಸಮ್ಮ ನೀನು ಹೇಳ್ತೀಯ, ಇರಬಹುದು. ಆದರೆ ಸಮಾಧಿ ಮೇಲಿನ ಗಿಡಕ್ಕೆ ನೀರು ಹಾಕಬೇಡ ಅಂತ ಗೋಡೆ ಮೇಲೆ ಬರೆದಿದ್ದರೆ ನನ್ನ ಕೈ ಕೇಳಬೇಕಲ್ಲ.

ಶಿವರಾತ್ರಿ ಹೊತ್ತಿಗೆ ಎಲೆ ಕಂದಿತು. ಬಾಯಾರಿಕೆ ಇನ್ನೂ ಹೋಗಿಲ್ಲ ಅಂತ ಇನ್ನಷ್ಟು ಹಾಕಿದೆ. ಒಂದು ವಾರಕ್ಕೆ ಬುಡ ಕಪ್ಪಾಯಿತು. ತಡೆಯೋಕಾಗದೆ ಅಗೆದು ನೋಡಿದರೆ ಮೇಲಿನ ಬೇರು ಬೇಯಿಸಿದ ಗೆಣಸಿನ ಹಾಗೆ ಬೆರಳಿಗೆ ಮೆತ್ತಗೆ ಹತ್ತಿತು, ವಾಸನೆ ಬೇರೆ. ಕೆಳಗಿನ ತನಕ ನೋಡೋ ಧೈರ್ಯ ಆಗಲಿಲ್ಲ, ಮಣ್ಣು ಮುಚ್ಚಿಬಿಟ್ಟೆ. ಆ ದಿನ ನೀನು ಫೋನ್ ಮಾಡಿ ಗಿಡ ಹೇಗಿದೆ ಅಂತ ಕೇಳಿದೆ, ನಾನು ಚೆನ್ನಾಗಿದೆ ಅಂದೆ. ಅದು ಮೊದಲನೇ ಸುಳ್ಳು.

ಎರಡನೇದು ಇನ್ನೂ ದೊಡ್ಡದು. ಯುಗಾದಿಗೆ ಎಂಟು ದಿನ ಇರುವಾಗ ಮಲ್ಲತ್ತಹಳ್ಳಿ ಕೆರೆ ಹತ್ತಿರದ ನರ್ಸರಿಗೆ ಹೋದೆ. ಅಲ್ಲಿ ಬೈರಯ್ಯ ಅಂತ ಒಬ್ಬರು ವಯಸ್ಸಾದೋರು ಇದಾರೆ. ವಿಷ್ಣುಕ್ರಾಂತಿ ಬೇಕು ಅಂದೆ. ತಗೊಳ್ಳಿ ಅಂತ ಒಂದು ಕುಂಡ ಮುಂದಿಟ್ಟರು, ತುಂಬಾ ನೀಲಿ ಹೂ, ಕಣ್ಣು ಕೋರೈಸೋ ಹಾಗೆ. ಇದು ಹೊಲದಲ್ಲಿ ಬರೋದೇನಾ ಅಂತ ಕೇಳಿದೆ. ಅವರು ನಕ್ಕರು. ಹೊಲದ್ದನ್ನ ಯಾರಮ್ಮ ಕುಂಡದಲ್ಲಿ ಸಾಕ್ತಾರೆ, ಇದು ಹೊರದೇಶದ್ದು, ಹೆಸರು ಒಂದೇ ಹೇಳಿ ಮಾರ್ತೀವಿ, ಇದಕ್ಕೆ ದಿನಾ ನೀರು ಬೇಕು ಅಂದರು. ದಿನಾ ನೀರು ಬೇಕು ಅಂದಿದ್ದು ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಅಲ್ಲೇ ಕುಂಡ ಅಪ್ಪಿಕೊಂಡೆ. ಅಪ್ಪ ಮಧ್ಯಾಹ್ನ ಮಲಗಿದ್ದಾಗ ಅದೇ ಜಾಗದಲ್ಲಿ ನೆಟ್ಟೆ. ಕುಂಡವನ್ನ ಗೊತ್ತಾಗದ ಹಾಗೆ ತಾರಸಿ ಮೇಲೆ ಹಳೇ ಡ್ರಮ್ಮಿನ ಹಿಂದೆ ಇಟ್ಟೆ. ಯುಗಾದಿ ಬೆಳಿಗ್ಗೆ ಫೋಟೋ ತೆಗೆದು ನಿನಗೆ ಕಳಿಸಿದೆ. ಅಕ್ಕಾ, ಅಮ್ಮ ನಕ್ಕ ಹಾಗಿದೆ ಕಣೇ ಅಂತ ನೀನು ಅಳ್ತಾ ವಾಯ್ಸ್ ಕಳಿಸಿದೆ. ಆ ಫೋಟೋನ ನೀನು ವಾಟ್ಸಾಪಿನಲ್ಲಿ ನಿನ್ನ ಫೋಟೋ ಜಾಗಕ್ಕೆ ಹಾಕಿಕೊಂಡೆ. ಅವತ್ತಿಂದ ನಿನಗೆ ಫೋನ್ ಮಾಡೋಕೆ ಹೋದಾಗಲೆಲ್ಲ ಮೊದಲು ಆ ಹೂವೇ ಕಾಣಿಸುತ್ತೆ, ನಿನ್ನ ಮುಖ ಇರೋ ಜಾಗದಲ್ಲಿ.

ಆಗಲೇ ಹೇಳಿಬಿಟ್ಟಿದ್ದರೆ ಮುಗೀತಿತ್ತು. ಆದರೆ ಅದೇ ವಾರ ನಿನ್ನ ಸಿಹಿ ಸುದ್ದಿ ಬಂತು. ಏಳು ವರ್ಷ ಆದ ಮೇಲೆ. ಅಮ್ಮನ ಗಿಡ ಹೂ ಬಿಟ್ಟಿತು, ನನ್ನ ಹೊಟ್ಟೆ ತುಂಬಿತು ಅಂತ ನೀನು ಆನಂದ್ ಅವರ ಮನೆಯೋರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ನಾನು ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ನಿನಗೆ ಏನಾದರೂ ಆದರೆ? ಹೇಳದೆ ಇದ್ದರೆ ಏನಾದರೂ ಆದರೆ? ಒಂದೊಂದು ದಿನ ಒಂದೊಂದು ಕಡೆಯಿಂದ ಯೋಚನೆ ಹಿಡಿಯೋದು. ಕೊನೆಗೆ ನಾನು ಮಾಡಿದ್ದು ಏನು ಅಂದರೆ ಆ ನರ್ಸರಿ ಗಿಡಕ್ಕೇ ಕೈ ಮುಗಿದೆ. ನೀನು ಯಾರಾದರೂ ಆಗು, ನನ್ನ ತಂಗಿ ಮಗು ನಿಲ್ಲೋ ತನಕ ಹೂ ಬಿಡ್ತಾ ಇರು ಅಂತ. ಪಾಪ ಅದು ಬಿಟ್ಟಿತು ಕೂಡ. ಅದರ ಮೇಲೆ ನನಗೆ ಕೋಪ ಇಲ್ಲ.

ಹೋದ ಗುರುವಾರ ನೀನು ಫೋನ್ ಮಾಡಿದೆಯಲ್ಲ. ಸ್ಕ್ಯಾನಿಂಗಲ್ಲಿ ಮಗುವಿನ ಮಾಸು ಕೆಳಗಿದೆ ಅಂತ ಬಂದಿದೆ, ರೈಲು ಹತ್ತೋ ಹಾಗಿಲ್ಲ, ಹೆರಿಗೆಗೆ ತವರಿಗೆ ಬರೋಕಾಗಲ್ಲ ಅಕ್ಕ ಅಂದೆ. ದಾರಿಯಲ್ಲಿ ಒಣಗಿದರೂ ಸರಿ, ಅಮ್ಮನ ಗಿಡದ ಒಂದು ಕವಲಾದರೂ ಬೇರು ಸಮೇತ ಕಳಿಸು, ಆನಂದ್ ಅವರ ಆಫೀಸಿನ ಶಶಿಕುಮಾರ್ ಮಹಾಲಕ್ಷ್ಮಿ ಲೇಔಟಿಗೆ ಬಂದಿದಾರೆ, ಇಪ್ಪತ್ತೇಳನೇ ತಾರೀಖು ಶನಿವಾರದ ರೈಲಿಗೆ ವಾಪಸ್ ಬರ್ತಾರೆ, ಅವರ ಕೈಲಿ ಕೊಡು ಅಂದೆ. ತವರಿಗೆ ನಾನು ಬರಲ್ಲ, ತವರೇ ನನ್ನ ಬಾಲ್ಕನಿಗೆ ಬರಲಿ ಅಂದೆ. ನಾನು ಆಯ್ತು ಕಣೇ ಅಂದೆ. ಅದು ಮೂರನೇದು. ಮಾರನೇ ಬೆಳಿಗ್ಗೆಯೇ ಆ ಕನಸು ಬಿದ್ದಿದ್ದು.

ಶುಕ್ರವಾರ ಮಧ್ಯಾಹ್ನ ಏನಾದರೂ ಆಗಲಿ ಅಂತ ಒಂದು ಖಾಲಿ ಪೇಂಟ್ ಡಬ್ಬ, ಕಳೆ ಕೀಳೋ ಕುರುಪಿ ತಗೊಂಡು ನರ್ಸರಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅದನ್ನೇ ಕಳಿಸೋಣ ಅಂತಲೇ ಕೂತಿದ್ದು, ನಿನ್ನ ಹತ್ತಿರ ಮುಚ್ಚಿಡೋದೇನು. ಹೆರಿಗೆ ಆಗೋ ತನಕ ಆ ಗಿಡ ನಿನಗೆ ಅಮ್ಮನೇ ಆಗಿರಲಿ, ಮಗು ಕೈಗೆ ಬಂದ ಮೇಲೆ ಕಾಲು ಹಿಡಿದು ಹೇಳಿದರಾಯಿತು ಅಂತ. ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಕುರುಪಿ ಮಣ್ಣಿಗೆ ತಾಗಿದ ಸದ್ದು ಕೇಳಿ ಮಾತಾಡಿದರು.

"ಯಾರ ಗಿಡ ಕಳಿಸ್ತಾ ಇದೀಯ ಜಗದಾ?"

"ಅಮ್ಮಂದು ಅಪ್ಪ. ರಂಜಿ ಕೇಳಿದಳು."

"ಅದು ನಿಮ್ಮಮ್ಮಂದಲ್ಲ ಅಂತ ಯುಗಾದಿ ದಿನವೇ ಗೊತ್ತು ನನಗೆ. ಆ ಹೂ ಬೆರಳಿಗೆ ಸಿಗುತ್ತೆ. ನಮ್ಮ ಹೊಲದ ಹೂ ಬೆರಳಿಗೆ ಸಿಗಲ್ಲ ಕಣಮ್ಮ, ಮುಟ್ಟಿದ್ದೇ ತಿಳಿಯಲ್ಲ."

ಯುಗಾದಿಯಿಂದ ಇವತ್ತಿನ ತನಕ ದಿನಾ ಬೆಳಿಗ್ಗೆ ಆ ಗಿಡದಿಂದ ಒಂದು ಹೂ ಕಿತ್ತು ಅಮ್ಮನ ಫೋಟೋಗೆ ಇಡ್ತಾ ಇದ್ದೋರು ಅವರು. ಮತ್ತೆ ಯಾಕಪ್ಪ ಒಂದು ಮಾತೂ ಹೇಳಲಿಲ್ಲ ಅಂತ ಕೇಳಿದೆ.

"ಏನು ಅಂತ ಹೇಳಲಿ. ಕೊಂದೋನು ನಾನು. ನನ್ನ ತಪ್ಪು ಮುಚ್ಚೋಕೆ ನೀನು ಬೇರೆ ತಂದು ನೆಟ್ಟಿದೀಯ ಅಂದುಕೊಂಡೆ."

ಆಮೇಲೆ ಹೇಳಿದರು ನೋಡು. ಅಪ್ಪ ಲಿಂಗಪೂಜೆ ಮಾಡಿದ ಮೇಲೆ ಆ ನೀರನ್ನ ಕಾಲು ತುಳಿಯೋ ಜಾಗಕ್ಕೆ ಚೆಲ್ಲೋ ಹಾಗಿಲ್ಲ ಅಂತ ನಿನಗೆ ಗೊತ್ತಲ್ಲ. ಊರಲ್ಲಿ ಅಮ್ಮ ದಿನಾ ಎರಡು ಹೊತ್ತು ಅದನ್ನ ತಗೊಂಡು ಹೋಗಿ ಬಿಲ್ವಪತ್ರೆ ಮರದ ಬುಡಕ್ಕೆ ಹುಯ್ತಿದ್ದಳು. ಇಲ್ಲಿಗೆ ಬಂದ ಮೇಲೆ ಅಪ್ಪ ಎದುರಿನ ಖಾಲಿ ಸೈಟಿನ ಬೇವಿನ ಮರಕ್ಕೆ ಹಾಕ್ತಿದ್ದರು, ಜನವರಿಯಲ್ಲಿ ಅಲ್ಲಿ ಮನೆ ಕಟ್ಟೋಕೆ ಮರ ಕಡಿದರು. ಅವತ್ತಿಂದ ಎರಡು ಹೊತ್ತೂ ಒಂದೊಂದು ತಂಬಿಗೆ ಅಮ್ಮನ ಗಿಡಕ್ಕೆ. ನಲವತ್ತು ವರ್ಷ ಅವಳು ಹೊತ್ತು ಹಾಕಿದ ನೀರು, ಈಗ ಅವಳಿಗೇ ಹಾಕೋಣ ಅನ್ನಿಸಿತು ಕಣಮ್ಮ, ರಂಜಿ ಬರೆದಿದ್ದು ನನ್ನ ಕಣ್ಣಿಗೆ ಕಾಣದಿದ್ದರೂ ಅವಳು ಹೇಳಿದ್ದು ಕಿವಿಗೆ ಬಿದ್ದಿತ್ತು, ಪೂಜೆ ನೀರು ಬೇರೆ ಅಲ್ವಾ, ಅದು ನೀರಿನ ಲೆಕ್ಕಕ್ಕೆ ಬರಲ್ಲ ಅಂದುಕೊಂಡೆ ಅಂದರು. ನೋಡಿದೆಯಾ, ಅವರ ಎರಡು ತಂಬಿಗೆ, ನನ್ನ ಅಕ್ಕಿ ನೀರು. ಒಬ್ಬರದ್ದು ಒಬ್ಬರಿಗೆ ಗೊತ್ತಿಲ್ಲ. ಮೂರು ಬೇಸಿಗೆ ಬರೀ ಬಿಸಿಲು ತಿಂದು ಬದುಕಿದ ಗಿಡ ನಮ್ಮಿಬ್ಬರ ಪ್ರೀತಿಗೆ ಕೊಳೆತುಹೋಯಿತು. ಯುಗಾದಿ ಆದಮೇಲೆ ಅಪ್ಪ ಬೆಳಿಗ್ಗೆ ಸಂಜೆ ಟವಲಿನ ಮರೆಯಲ್ಲಿ ತಂಬಿಗೆ ಹಿಡಿದು ಬೀದಿ ಕೊನೆಯ ಅರಳಿಕಟ್ಟೆಗೆ ಹೋಗಿ ಬರ್ತಾ ಇದ್ದರು. ಡಾಕ್ಟರು ನಡೀರಿ ಅಂದಿದಾರೆ ಅದಕ್ಕೆ ವಾಕಿಂಗ್ ಅಂತ ನನಗೆ ಹೇಳಿದ್ದರು, ನಾನೂ ಖುಷಿ ಪಟ್ಟಿದ್ದೆ. ಎಂಬತ್ತೆರಡು ವರ್ಷ, ಪೊರೆ ಬಂದ ಕಣ್ಣು, ಆ ಮೋರಿ ದಾಟಿ.

ನಾನು ಅಳ್ತಾ ಕೂತೆ. ನನ್ನ ಅಕ್ಕಿ ನೀರಿನ ವಿಷಯ ನಾನೂ ಹೇಳಿದೆ, ಅಮ್ಮ ಕೇಳಿದ ಗುಟುಕಿನ ವಿಷಯ ಹೇಳೋಕಾಗಲಿಲ್ಲ, ಅದು ನಿನಗೆ ಮಾತ್ರ ಬರೆದಿದ್ದು. ಅಪ್ಪ ಬಾ ಇಲ್ಲಿ ಅಂತ ಗೋಡೆ ಹಿಡಿದುಕೊಂಡು ಕಾಂಪೌಂಡಿನ ಮೂಲೆಗೆ ಬಂದರು. ನರ್ಸರಿ ಗಿಡದಿಂದ ಒಂದು ಗೇಣು ಆಚೆ ಮೂರು ಒಡೆದ ಹೆಂಚಿನ ಚೂರು ನಿಲ್ಲಿಸಿದ್ದರು. ಅದರ ಮಧ್ಯೆ, ದಾರದಷ್ಟು ದಪ್ಪದ ಒಂದು ಚಿಗುರು, ನಾಲ್ಕೈದು ಎಲೆ. ಮಳೆ ಹಿಡಿದ ಮೇಲೆ ಬೆರಳಿಗೆ ಸಿಕ್ಕಿತು, ಹತ್ತು ದಿನ ಆಯಿತು ಅಂದರು. ಹತ್ತು ದಿನದಿಂದ ನನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿ ಆಮೇಲೆ ಒಣಗಿದರೆ ನೀನು ಎರಡನೇ ಸಲ ಅಳ್ತೀಯ ಅಂತ ಸುಮ್ಮನಿದ್ದೆ ಅಂದರು. ಎಲೆ ಒಣಗಿದರೆ ಹೆದರಬೇಡ, ಬೇರಲ್ಲಿ ಜೀವ ಇರುತ್ತೆ ಅಂತ ನೀನು ಬರೆದಿದ್ದನ್ನ ನಾನು ನಂಬಲಿಲ್ಲ ನೋಡು. ಕೊಳೆತಿದ್ದು ಮೇಲಿನದು ಮಾತ್ರ ಇರಬೇಕು. ಇರಬೇಕು ಅಂತ ಬರೀತಾ ಇದೀನಿ, ಖಾತ್ರಿ ಇಲ್ಲ. ನಿಮ್ಮ ಭಾವ ನೋಡಿ, ಇದು ನರ್ಸರಿ ಗಿಡದ್ದೇ ಕವಲು ಮಣ್ಣಲ್ಲಿ ನುಸುಳಿ ಬಂದಿರಬಹುದು, ಇಲ್ಲಾ ಯಾವುದೋ ಕಳೆ ಅಂದರು. ಅವರು ಹೇಳಿದ್ದು ಸುಳ್ಳು ಅಂತ ನನಗೂ ಹೇಳೋಕಾಗಲ್ಲ.

ಅದಕ್ಕೆ ನಾನು ಒಂದು ತೀರ್ಮಾನ ಮಾಡಿದೀನಿ, ನೀನು ಬೈದರೂ ಸರಿ. ಶಶಿಕುಮಾರ್ ಕೈಲಿ ರವೆ ಉಂಡೆ, ನಿಪ್ಪಟ್ಟು, ಮಡಿಲಕ್ಕಿಗೆ ಬೇಕಾದ್ದು, ಅಮ್ಮನ ಮೆತ್ತನೆ ಸೀರೆ ಎರಡು ಕಳಿಸ್ತೀನಿ. ಗಿಡ ಕಳಿಸಲ್ಲ. ನರ್ಸರಿದನ್ನ ಅಮ್ಮಂದು ಅಂತ ನಿನ್ನ ಬಾಲ್ಕನಿಗೆ ಕಳಿಸೋಕೆ ಇನ್ನು ನನ್ನ ಕೈ ಬರಲ್ಲ. ಚಿಗುರನ್ನ ಅಗೆದರೆ ಈ ಸಲ ನಿಜವಾಗಿಯೂ ಸಾಯುತ್ತೆ. ಅದು ಅಮ್ಮಂದೇ ಆದರೆ ಬೀಜ ಆಗೋ ತನಕ ಕಾಯ್ತೀನಿ, ಬಲಿತ ಬೀಜ ಕಾಗದದಲ್ಲಿ ಕಟ್ಟಿ ನಾನೇ ತಗೊಂಡು ಬರ್ತೀನಿ. ಹೌದು, ನಾನೇ. ನೀನು ರೈಲು ಹತ್ತೋ ಹಾಗಿಲ್ಲ, ನಾನು ಹತ್ತಬಹುದಲ್ಲ. ನಿಮ್ಮ ಭಾವನನ್ನ ಕೇಳಿದೆ, ಎರಡು ತಿಂಗಳು ನಾನೂ ಮಾವನೂ ಅನ್ನ ಸಾರು ಮಾಡಿಕೊಂಡು ಇರ್ತೀವಿ, ನೀನು ಹೋಗು ಅಂದರು. ನಾನು ಬೆಂಗಳೂರು ಬಿಟ್ಟು ಹುಬ್ಬಳ್ಳಿ ಆಚೆ ನೋಡಿದೋಳಲ್ಲ, ಭಾಷೆ ಬರಲ್ಲ, ರೈಲಲ್ಲಿ ನಿದ್ದೆ ಮಾಡಿದರೆ ಸ್ಟೇಷನ್ ದಾಟಿಹೋಗುತ್ತೇನೋ ಅಂತ ಈಗಿಂದಲೇ ಭಯ. ಆದರೂ ಬರ್ತೀನಿ. ನಿನ್ನನ್ನ ಮೊದಲು ಎತ್ತಿ ಆಡಿಸಿದ ಸೊಂಟ ಇದು, ನಿನ್ನ ಮಗುಗೂ ಆಗುತ್ತೆ.

ಸಿಟ್ಟು ಬಂದರೆ ಸಿಟ್ಟಿನಲ್ಲೇ ಬರಿ, ಸುಮ್ಮನೆ ಇರಬೇಡ. ಅಪ್ಪನ ಮೇಲೆ ಮಾತ್ರ ಬೇಸರ ಮಾಡಿಕೊಳ್ಳಬೇಡ. ಅಮ್ಮನ ಗಿಡ ಹೂ ಬಿಟ್ಟಿದ್ದಕ್ಕೇ ಮಗು ನಿಂತಿದ್ದು ಅಂತ ನೀನು ಅಂದುಕೊಂಡಿದ್ದೀಯಲ್ಲ, ಅದರ ಬಗ್ಗೆ ನಾನು ಏನು ಹೇಳಲಿ. ಆ ಹೂ ಯಾರದ್ದೇ ಆಗಿರಲಿ, ಮಗು ನಿನ್ನದು. ವಾರಕ್ಕೊಂದು ಸಲ ಎಡಮಗ್ಗುಲಲ್ಲಿ ಮಲಗಿ ಅದು ಆಡೋದನ್ನ ಎಣಿಸಿ ನನಗೆ ಹೇಳು. ವಾರಕ್ಕೊಂದು ಸಲ ಬೇಡ, ದಿನಾ ಹೇಳು. ಆನಂದ್ ಅವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸು. ಅಪ್ಪ ನಿನ್ನ ತಲೆ ಮೇಲೆ ಕೈ ಇಟ್ಟಿದಾರೆ ಅಂತ ಬರೆಯೋಕೆ ಹೇಳಿದಾರೆ. ಶಿವ ನಿನ್ನನ್ನೂ ಹೊಟ್ಟೆಯಲ್ಲಿರೋದನ್ನೂ ಕಾಯಲಿ.

ಇಂತಿ, ಮೂರು ಸುಳ್ಳು ಹೇಳಿ ಒಂದು ಕಾಗದ ಬರೆದ,
ನಿನ್ನ ಅಕ್ಕ
ಜಗದಾಂಬಾ

ತಾ.ಕ.: ಸೋಮವಾರ ಬೆಳಿಗ್ಗೆ ಎಂಟೂವರೆ. ಸ್ಪೀಡ್ ಪೋಸ್ಟಿಗೆ ಹಾಕೋಕೆ ಚಪ್ಪಲಿ ಮೆಟ್ಟಿದ್ದೆ, ಅಪ್ಪ ಕೂಗಿದರು. ಚಿಗುರಿನಲ್ಲಿ ಒಂದು ಹೂ ಬಿಟ್ಟಿದೆ ರಂಜಿ, ನೀಲಿ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಇದೇ ಕಣಮ್ಮ ಅಂತಾರೆ ಅಪ್ಪ. ಆದರೆ ನನ್ನ ಸಮಾಧಾನಕ್ಕೆ ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೋರು ಅವರು, ಹೇಗೆ ನಂಬಲಿ. ಬೈರಯ್ಯನೋರಿಗೆ ಫೋನ್ ಮಾಡಿದೆ. ನರ್ಸರಿದರ ಕವಲು ಬಡಕಲಾಗಿ ಬಂದರೆ ಅದೂ ಚಿಕ್ಕ ಹೂವೇ ಬಿಡುತ್ತಮ್ಮ, ಗಾತ್ರ ನಂಬಬೇಡಿ, ತೊಟ್ಟು ನೋಡಿ, ಒಂದರದ್ದು ಹೂ ಕಾಂಡಕ್ಕೇ ಕೂತಿರುತ್ತೆ, ಇನ್ನೊಂದರದ್ದು ಕೂದಲೆಳೆಯಂಥ ಉದ್ದ ತೊಟ್ಟಿನ ಮೇಲೆ ನಿಂತಿರುತ್ತೆ, ಹೊಲದ್ದು ಯಾವುದು ಅಂತ ನಾನು ನೋಡಿ ಮೂವತ್ತು ವರ್ಷ ಆಯಿತು, ಹಳೇ ಫೋಟೋ ಇದ್ದರೆ ಹೋಲಿಸಿ ಅಂದರು. ನಾನು ಬಗ್ಗಿ ನೋಡಿದೆ. ಏನು ಕಂಡಿತು ಅಂತ ನಿನ್ನ ಉತ್ತರ ಬರೋ ತನಕ ಬರೆಯಲ್ಲ. ಬರೆದರೆ ನೀನೂ ಇದೇ ಮನೆಯವಳು, ನನ್ನ ಸಮಾಧಾನಕ್ಕೆ ಹೌದು ಅಂದುಬಿಡ್ತೀಯ. ಹೋದ ವರ್ಷ ಒಂದು ದಿನ ನೀನು ಬೆಳಿಗ್ಗೆ ಬೇಗ ಸಮಾಧಿ ಹತ್ತಿರ ಹೋಗಿ ಹೂ ಬಿಟ್ಟಾಗ ತೆಗೆದ ಫೋಟೋ ನಿನ್ನ ಫೋನಲ್ಲಿ ಇರಬೇಕು, ನನ್ನ ಹತ್ತಿರ ಇಲ್ಲ. ಅದನ್ನ ತೆಗೆದು, ದೊಡ್ಡದು ಮಾಡಿ, ಹೂ ಕಾಂಡಕ್ಕೆ ಅಂಟಿಕೊಂಡಿದೆಯೋ, ಎಳೆಯಂಥ ತೊಟ್ಟಿನ ಮೇಲೆ ನಿಂತಿದೆಯೋ, ನಿನಗೆ ನೆನಪಿದ್ದರೂ ನೆನಪಿನಿಂದ ಹೇಳಬೇಡ, ಇನ್ನೊಂದು ಸಲ ನೋಡು.